ಬೆರಳಗಲದ ಕಪ್ಪು ಪಟ್ಟಿ

ನಿನ್ನೆ ಇವರಿಗೆ ಸಣ್ಣಗೆ ಶೀತವಾಗಿತ್ತು. ಕಷಾಯಕ್ಕೆಂದು ಒಣಶುಂಠಿಯ ಡಬ್ಬಿ ತೆಗೆದೆ. ಮುಚ್ಚಳ ಬಿಗಿಯಾಗಿತ್ತು. ಚಮಚದ ಹಿಡಿಯಿಂದ ಎಬ್ಬಿಸಿದ ಕೂಡಲೇ ಆ ಖಾರದ, ಸ್ವಲ್ಪ ಗೋಣಿಯದೂ ಸ್ವಲ್ಪ ಮಣ್ಣಿನದೂ ಸೇರಿದ ವಾಸನೆ ಅಡುಗೆಮನೆ ತುಂಬಿತು. ಹೊರಗೆ ಮಳೆ ಹಿಡಿದುಕೊಂಡಿತ್ತು. ನಾನು ಕುಟ್ಟಾಣಿಯನ್ನು ಅಲ್ಲೇ ಬಿಟ್ಟು ಹಿಂಬಾಗಿಲಿಗೆ ಹೋಗಿ ಚಿಲಕ ಹಾಕಿ ನೋಡಿದೆ. ಸಲೀಸಾಗಿ ತೂತಿಗೆ ಹೋಗಿ ಕೂತಿತು. ತೆಗೆದು ಮತ್ತೊಮ್ಮೆ ಹಾಕಿದೆ.

"ಅಮ್ಮೇ, ಮತಿ," ಎಂದಳು ಮಗಳು, ಫೋನಿನಿಂದ ತಲೆಯೆತ್ತದೆ. ಸಾಕು ಮಾಡು ಎಂದು. ನಾನು ಕನ್ನಡದಲ್ಲಿ ಏನು ಹೇಳಿದರೂ ಅವಳಿಂದ ಬರುವುದು ಮಲಯಾಳವೇ. ಇದು ತಿರುವನಂತಪುರದ ಶ್ರೀಕಾರ್ಯಂನ ನಮ್ಮ ಮನೆಯಲ್ಲಿ ಹತ್ತಿಪ್ಪತ್ತು ವರ್ಷದ ರೂಢಿ.

"ಮಳೆ ಬಂತೂಂದ್ರೆ ನಿನ್ನಮ್ಮನಿಗೆ ಚಿಲಕದ ಮರುಳು ಶುರು," ಎಂದು ಇವರೂ ಮೂಗೊರೆಸಿಕೊಳ್ಳುತ್ತ ಸೇರಿಸಿದರು.

ಆ ಡಬ್ಬಿಯ ತಳದಲ್ಲಿ ಕಾಗದದ ಪೊಟ್ಟಣವೊಂದು ಇದೆ. ಅದರ ಶುಂಠಿಯನ್ನು ನಾನು ಕುಟ್ಟುವುದಿಲ್ಲ. ಅಂಗಡಿಯಿಂದ ತಂದದ್ದನ್ನು ಅದರ ಮೇಲೆಯೇ ಸುರಿಯುತ್ತೇನೆ.

ಐದಾರು ವರ್ಷದ ಹಿಂದಿನ ಮಾತು. ಆ ಮಳೆಗಾಲ ಪೂರ್ತಿ ನನ್ನನ್ನು ಕೊಚ್ಚಿಗೆ ಹಾಕಿದ್ದರು. ಅಲುಗಾಡಬಾರದ ವಸ್ತುಗಳು ಎಷ್ಟು ಅಲುಗಾಡಿವೆ ಎಂದು ಅಳೆಯುವುದು ನಮ್ಮ ಕಚೇರಿಯ ಕೆಲಸ: ಸೇತುವೆಯ ಕಂಬ, ಹಳೆಯ ಕಟ್ಟಡ, ತಡೆಗೋಡೆ. ಮುಖ್ಯ ಕಚೇರಿ ತಿರುವನಂತಪುರದಲ್ಲಿ. ಕೊಚ್ಚಿಯಲ್ಲಿ ಇದ್ದದ್ದು ಕಾಕ್ಕನಾಡಿನ ಸರಕಾರಿ ಕಟ್ಟಡವೊಂದರಲ್ಲಿ ಎರಡು ಮೇಜಿನ ಕೋಣೆ. ಅಲ್ಲಿ ನಾನು, ಮತ್ತು ಜೀಪಿನ ಚಾಲಕ ಸದಾಶಿವ. ಅವನು ಕಾಸರಗೋಡಿನ ಕಡೆಯವ, ನಾನು ಬಂಟ್ವಾಳದವಳು. ಮೊದಲ ದಿನವೇ ನನ್ನ ಮಲಯಾಳ ಕೇಳಿ, "ಅಕ್ಕ, ನೀವು ಕನ್ನಡದಲ್ಲೇ ಹೇಳಿ. ಬೇಗ ಮುಗೀತದೆ," ಎಂದಿದ್ದ. ವಾರವೆಲ್ಲ ಅಲ್ಲಿದ್ದು ಶುಕ್ರವಾರ ಸಂಜೆಯ ರೈಲಿಗೆ ಮನೆಗೆ ಬರುತ್ತಿದ್ದೆ.

ಅಲ್ಲಿನ ಕೆಲಸಗಳಲ್ಲಿ ಒಂದು, ಮಟ್ಟಾಂಚೇರಿಯ ಒಂದು ಗೋಡೆ. ಹಳೆಯ ಗೋದಾಮಿನ ಹಿಂಗೋಡೆ ಅದು, ಕೆಂಪು ಮುರಕಲ್ಲಿನದು, ಎರಡು ಆಳಿಗಿಂತ ಎತ್ತರ. ಗೋದಾಮಿನ ಮುಂಭಾಗದಲ್ಲಿ ಇನ್ನೂ ಹೆಂಗಸರು ಸಾಲಾಗಿ ಕೂತು ಒಣಶುಂಠಿ ಆರಿಸುತ್ತಿದ್ದರು. ಹಿಂಭಾಗದ ಹೆಂಚಿನ ಮಾಡು ಎಂದೋ ಹೋಗಿ ಒಳಗೆಲ್ಲ ಬಯಲು. ಗೋಡೆಯ ಹೊರಮೈಗೆ ಅಂಟಿಕೊಂಡು ಒಂದು ಮನೆ. ಅಂಟಿಕೊಂಡು ಎಂದರೆ ಆ ಮನೆಯ ಹಿಂದಿನ ಕೋಣೆಗೆ ಅದೇ ಗೋಡೆ. ಮಾಡು ಹೊರುವ ಪಕಾಸುಗಳ ತುದಿಯನ್ನು ಅದರೊಳಗೇ ತೂರಿಸಿದ್ದರು. ಮನೆಯಲ್ಲಿದ್ದವರು ರಾಧಾಬಾಯಿ ಮತ್ತು ಹಾಸಿಗೆ ಹಿಡಿದಿದ್ದ ಅವರ ಅತ್ತೆ. ಕೊಂಕಣಿಯವರು. ಅತ್ತೆಯನ್ನು ಮಾಯಿ ಎಂದು ಕರೆಯುತ್ತಿದ್ದರು, ನಾನೂ ಹಾಗೇ ಕರೆದೆ. ರಾಧಾಬಾಯಿಯ ತಾಯಿಮನೆ ಕಾರ್ಕಳದ ಕಡೆಯದಂತೆ. ನನ್ನ ಹತ್ತಿರ ಮಾತಾಡುವಾಗ ಆ ಕನ್ನಡವನ್ನು ಪೆಟ್ಟಿಗೆಯಿಂದ ತೆಗೆದ ಸೀರೆಯ ಹಾಗೆ ಕೊಡವಿಕೊಂಡು ಆಡುತ್ತಿದ್ದರು. ಹಗಲು ಅವರೂ ಗೋದಾಮಿನಲ್ಲಿ ಶುಂಠಿ ಆರಿಸಲು ಹೋಗುವವರೇ.

ಗೋಡೆ ವಾಲಿತ್ತು. ಆದರೆ ಒಳಗಿನ ಬಯಲಿನ ಕಡೆಗೆ, ಮನೆಯ ಕಡೆಗಲ್ಲ. ಹಾಗಾಗಿ ಮನೆ ಬಿಡಿಸುವ ಅಗತ್ಯವಿಲ್ಲ, ಬಯಲಿಗೆ ಯಾರೂ ಹೋಗದ ಹಾಗೆ ಬೇಲಿ ಹಾಕಿದರೆ ಸಾಕು, ವಾರಕ್ಕೊಮ್ಮೆ ಅಳೆಯುತ್ತ ಇರಿ ಎಂದು ಮೇಲಿನವರು ಬರೆದಿದ್ದರು. ಗೋಡೆಯ ನೆತ್ತಿಗೆ ಅಳತೆಯ ಉಪಕರಣ ಕೂರಿಸಿ ತಂತಿ ಇಳಿಬಿಟ್ಟಿದ್ದರು. ಆ ತಂತಿಯನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿದರೆ ಒಂದು ಅಂಕಿ ಬರುತ್ತಿತ್ತು. ಗೋಡೆಯ ತಲೆ ಬಯಲಿನ ಕಡೆ ಎಷ್ಟು ಮಿಲಿಮೀಟರ್ ವಾಲಿದೆಯೋ ಅಷ್ಟು, ಅದರ ಹಿಂದೆ ಎಡಕ್ಕೆ ಒಂದು ಪ್ಲಸ್. ಮನೆಯ ಕಡೆ ವಾಲಿದರೆ ಹಿಂದೆ ಮೈನಸ್. ಮೈನಸ್ ಒಂದೇ ಒಂದು ಬಂದರೂ ಅದೇ ದಿನ ಮನೆ ಖಾಲಿ ಮಾಡಿಸಬೇಕು. ಆ ಆದೇಶದ ಪ್ರತಿಯನ್ನು ನನಗಿಂತ ಮೊದಲಿದ್ದವರು ಲ್ಯಾಪ್‌ಟಾಪಿನ ಚೀಲದೊಳಗೇ ಅಂಟಿಸಿಟ್ಟಿದ್ದರು.

ಆ ಲ್ಯಾಪ್‌ಟಾಪ್ ಈಗಿನವುಗಳ ಹಾಗಲ್ಲ. ಬಿದ್ದರೂ ನೆನೆದರೂ ಏನೂ ಆಗಬಾರದೆಂದು ಬಯಲು ಕೆಲಸಕ್ಕೇ ಮಾಡಿದ್ದು. ಇಟ್ಟಿಗೆಯಷ್ಟು ದಪ್ಪ, ಮೂಲೆಗಳಿಗೆ ಕರಿ ರಬ್ಬರು, ಎತ್ತಿಕೊಳ್ಳಲು ಸೂಟ್‌ಕೇಸಿನಂಥ ಹಿಡಿ, ಪ್ರತಿ ತೂತಿಗೂ ರಬ್ಬರಿನ ಮುಚ್ಚಳ. ಗೋಡೆಯ ಉಪಕರಣದ ಒಂಬತ್ತು ಮುಳ್ಳಿನ ಹಳೆಯ ಪ್ಲಗ್ಗು ಹೊಸ ಯಂತ್ರ ಯಾವುದಕ್ಕೂ ಕೂರುತ್ತಿರಲಿಲ್ಲ. ಅಂಕಿ ಓದುವ ಪ್ರೋಗ್ರಾಮೂ ಅದರೊಳಗೆ ಮಾತ್ರ.

"ಇದರ ತಲೆ ಮೇಲೆ ಜೀಪು ಹತ್ತಿಸಿದ್ರೂ ಎಂತ ಆಗ್ಲಿಕ್ಕಿಲ್ಲ ಅಕ್ಕ. ಜೀಪಿಗೇ ಏನಾದ್ರೂ ಆದೀತು," ಎನ್ನುತ್ತಿದ್ದ ಸದಾಶಿವ.

ಬಿದ್ದರೆ ಏನೂ ಆಗಲಿಲ್ಲ, ನಿಜ. ಕೆಟ್ಟದ್ದು ಹಾಗೇ ಇದ್ದಲ್ಲೇ.

ಜೂನ್ ಮೂರನೇ ಗುರುವಾರ, ನಮ್ಮ ಅಳತೆಯ ದಿನ, ಪರದೆ ಮಂಕಾಯಿತು. ಯಂತ್ರ ಗುಂಯ್ ಎನ್ನುತ್ತಿದೆ, ದೀಪ ಉರಿಯುತ್ತಿದೆ, ಪರದೆ ಮಾತ್ರ ಕಪ್ಪು. ತೋಮಸ್ ಸಾರ್‌ಗೆ ಫೋನ್ ಮಾಡಿದೆ. ಅವರು ನಮ್ಮ ಮುಖ್ಯ ಕಚೇರಿಯ ವರ್ಕ್‌ಶಾಪಿನಲ್ಲಿದ್ದು ನಿವೃತ್ತರಾಗಿ, ಶ್ರೀಕಾರ್ಯಂನಲ್ಲಿ ನಮ್ಮ ಮನೆಯಿಂದ ಎರಡು ಬೀದಿ ಆಚೆ ರಿಪೇರಿ ಅಂಗಡಿ ಇಟ್ಟಿದ್ದರು. ಪ್ರಶ್ನೆ ಕೇಳಿ ಮುಗಿಯುವವರೆಗೆ ಸ್ಕ್ರೂಡ್ರೈವರ್ ಮುಟ್ಟದ ಮನುಷ್ಯ.

"ಟಾರ್ಚ್ ಇದೆಯಾ ಮೇಡಂ? ಪರದೆಗೆ ಓರೆಯಾಗಿ ಹಿಡಿಯಿರಿ. ಅಕ್ಷರ ಕಾಣ್ತದಾ?"

ಹಿಡಿದೆ. ಕೆರೆಯ ತಳದಲ್ಲಿ ಬಿದ್ದಿರುವ ನಾಣ್ಯದ ಹಾಗೆ, ತೀರಾ ಮಸುಕಾಗಿ, ಅಕ್ಷರಗಳಿದ್ದವು.

"ಹಾಗಾದ್ರೆ ಚಿತ್ರ ಬರ್ತಾ ಇದೆ, ಹಿಂದಿನ ಬೆಳಕು ಮಾತ್ರ ಹೋಗಿದೆ. ತೇವಕ್ಕೆ ಇರಬಹುದು. ಬ್ಯಾಟರಿ ತೆಗೀರಿ, ವೈರು ತೆಗೀರಿ, ಪವರ್ ಗುಂಡಿಯನ್ನ ಅರ್ಧ ನಿಮಿಷ ಒತ್ತಿ ಹಿಡೀರಿ. ಆಮೇಲೆ ಚೆನ್ನಾಗಿ ಒಣಗ್ಲಿ."

ಒಣಗಿಸುವುದು ಎಲ್ಲಿ, ಜೂನಿನ ಕೊಚ್ಚಿಯಲ್ಲಿ? ರಾಧಾಬಾಯಿ ಒಳಗಿಂದಲೇ ಕೂಗಿದರು: "ಇಲ್ಲಿ ತನ್ನಿ ಮೇಡಂ, ನನ್ನ ಒಲೆ ಮೇಲಿನ ಅಟ್ಟದಲ್ಲಿ ಇಡುವ. ಹಪ್ಪಳವೇ ಒಣಗ್ತದೆ, ಇದು ಒಣಗ್ಲಿಕ್ಕಿಲ್ವಾ?"

"ಹುರಿದುಬಿಟ್ಟೀರಿ ಮತ್ತೆ," ಎಂದ ಸದಾಶಿವ.

"ನಿನ್ನ ಕಚೇರಿ ಸಾಮಾನು ಯಾರಿಗೆ ಬೇಕು ಮಾರಾಯ! ಎಣ್ಣೆ ಖರ್ಚು ಬೇರೆ!"

ಹಪ್ಪಳದ ಬುಟ್ಟಿಯ ಪಕ್ಕ ಎರಡು ಗಂಟೆ ಇಟ್ಟೆವು. ಬೆಳಕು ಬಂತು. ಅಂಕಿ ನೋಡಿದೆ: ಪ್ಲಸ್ ಇಪ್ಪತ್ತೊಂದು. ಹಿಂದಿನ ವಾರ ಇಪ್ಪತ್ತೆರಡಿತ್ತು. ರಿಜಿಸ್ಟರಿನಲ್ಲಿ ಬರೆದೆ.

ಆ ರಿಜಿಸ್ಟರಿನ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ನನಗೆ ಶಾಲೆಯ ದಿನದಿಂದಲೂ ಅಚ್ಚುಕಟ್ಟಿನ ಚಟ. ತಿಂಗಳ ಮೊದಲ ದಿನವೇ ಪುಟಕ್ಕೆ ಗೆರೆ ಹಾಕಿ, ಬರುವ ಗುರುವಾರಗಳ ತಾರೀಕು, ಉಪಕರಣದ ಸಂಖ್ಯೆ ಎಲ್ಲ ಬರೆದಿಟ್ಟುಬಿಡುತ್ತಿದ್ದೆ. ಅಂಕಿಯ ಮನೆಯಲ್ಲಿ ಪ್ಲಸ್ಸನ್ನೂ. ಕೊಡೆ ಹಿಡಿದುಕೊಂಡು ಬರೆಯುವಾಗ ಎಷ್ಟು ಕಡಿಮೆ ಬರೆದರೆ ಅಷ್ಟು ಒಳ್ಳೆಯದಲ್ಲವೆ? ನನಗಿಂತ ಮೊದಲಿದ್ದವರ ಪುಟಗಳಲ್ಲೂ ಎರಡು ವರ್ಷದುದ್ದಕ್ಕೂ ಪ್ಲಸ್ಸೇ ಇತ್ತು. ನನ್ನ ಪುಟ ನೋಡಿ ಮೇಲಿನ ಸಾಹೇಬರು ಎಲ್ಲರೆದುರು ಹೊಗಳಿದ್ದೂ ಉಂಟು.

ಅಂಕಿ ಇಳಿಯತೊಡಗಿತು. ಹತ್ತೊಂಬತ್ತು, ಹದಿನೈದು, ಹನ್ನೊಂದು. ಅಂದರೆ ಬಯಲಿನ ಕಡೆ ವಾಲಿದ್ದ ಗೋಡೆ ನೆಟ್ಟಗಾಗುತ್ತಿದೆ. ಮೇಲಿನವರಿಗೆ ಫೋನಿನಲ್ಲಿ ಹೇಳಿದರೆ, ಮಳೆಗೆ ಹೀಗೆ ಸ್ವಲ್ಪ ಆಚೆ ಈಚೆ ಆಗುವುದುಂಟು, ಹಳೆಯ ಗೋಡೆ ಉಸಿರಾಡುತ್ತದೆ ಎಂದರು. ಮೇ ತಿಂಗಳಲ್ಲಿ ಗೋದಾಮಿನವರು ಹಿಂದಿನ ಮಾಡಿನ ಉಳಿದ ತೊಲೆ ಹೆಂಚು ಎಲ್ಲ ಕೆಡವಿ, ಆ ಮಣ್ಣು ಕಲ್ಲಿನ ರಾಶಿಯನ್ನು ಬಯಲಿನಲ್ಲಿ ಗೋಡೆಗೇ ಒತ್ತಿ ಪೇರಿಸಿದ್ದರು. ಒಂದು ಆಳೆತ್ತರದ ರಾಶಿ. ಮಳೆ ಬಿದ್ದು ಬಿದ್ದು ಅದು ಕರಿ ಮುದ್ದೆಯಾಗಿ ನೀರು ಕುಡಿದು ಕೂತಿತ್ತು. ಪ್ರತಿ ಗುರುವಾರ ಅದರ ಪಕ್ಕದಲ್ಲೇ ನಿಂತು ತಂತಿ ಸಿಕ್ಕಿಸುತ್ತಿದ್ದೆ. ಕಪ್ಪೆಗಳು ಕೂಗುತ್ತಿದ್ದವು. ನೋಡಿದ್ದೇನೆ. ನೋಡಲಿಲ್ಲ ಎನ್ನುವ ಹಾಗಿಲ್ಲ.

ಜುಲೈಯಲ್ಲಿ ಪರದೆ ಮಿಣುಕತೊಡಗಿತು. ತೆರೆಯುವಾಗ ಸರಿ, ಪೂರ್ತಿ ತೆರೆದರೆ ಕುಣಿತ.

"ನಿಧಾನ ಮುಂದೆ ಹಿಂದೆ ಮಾಡಿ ನೋಡಿ," ಎಂದರು ತೋಮಸ್ ಸಾರ್. "ಎಲ್ಲೋ ಒಂದು ಕಡೆ ನಿಲ್ತದಾ?"

"ನಿಲ್ತದೆ ಸಾರ್. ಮುಕ್ಕಾಲು ತೆರೆದಾಗ."

"ಹಾಗಾದ್ರೆ ತಿರುಗಣೆಯೊಳಗಿನ ವೈರಿನ ಪಟ್ಟಿ ಸವೆದಿದೆ. ನನ್ನ ಹತ್ತಿರ ತನ್ನಿ. ಅಲ್ಲಿವರೆಗೆ ಆ ಕೋನದಲ್ಲೇ ನಿಲ್ಲಿಸಿ."

ಸದಾಶಿವ ಹಲಸಿನ ಮರದ ತುಂಡೊಂದನ್ನು ಕೆತ್ತಿ ತಂದ. ಅದನ್ನು ಪರದೆಯ ಹಿಂದೆ ಆನಿಸಿದರೆ ಸರಿಯಾಗಿ ಮುಕ್ಕಾಲಿಗೆ ನಿಲ್ಲುತ್ತಿತ್ತು. "ಇದಕ್ಕೊಂದು ಊರುಗೋಲು," ಎಂದ. ನಗಾಡಿದೆವು. ಯಂತ್ರವನ್ನು ತಿರುವನಂತಪುರಕ್ಕೆ ಒಯ್ಯಲು ಅನುಮತಿ ಕೇಳಿದರೆ, ಅಂಕಿ ಓದಲು ಆಗುತ್ತಿದೆಯೇ ಎಂದು ಕೇಳಿದರು. ಆಗುತ್ತಿದೆ ಎಂದೆ. ಹಾಗಾದರೆ ಮಳೆಗಾಲ ಮುಗಿಯಲಿ ಎಂದರು.

ಜುಲೈ ಕೊನೆಯಲ್ಲಿ ಅಂಕಿ ಆರಕ್ಕೆ ಇಳಿದ ದಿನ, ಪರದೆಯ ಎಡ ಅಂಚಿನಲ್ಲಿ ಮೇಲಿಂದ ಕೆಳಗೆ ಒಂದು ಕಪ್ಪು ಗೆರೆ ಕಾಣಿಸಿತು. ಮುಂದಿನ ಗುರುವಾರ ಅದು ಬೆರಳಗಲ ಆಗಿತ್ತು. ಪ್ರೋಗ್ರಾಮು ಹಳೆಯದು, ಪರದೆ ತುಂಬ ತೆರೆಯುವಂಥದ್ದು, ಆಚೆ ಸರಿಸಲು ಬಾರದು. ಅಂಕಿ ಎಡ ಅಂಚಿನಲ್ಲೇ ಬರುತ್ತಿತ್ತು. ಪಟ್ಟಿ ಪ್ಲಸ್ಸನ್ನು ನುಂಗಿತು. ಅಂಕಿಯನ್ನು ಬಿಟ್ಟಿತು. ಎರಡು ಎಂದು ನಿಚ್ಚಳವಾಗಿ ಕಾಣುತ್ತಿತ್ತು.

"ಅಲ್ಲಾಡಿಸಿದ್ರೆ ಪಟ್ಟಿ ಸರೀತದಾ?"

"ಇಲ್ಲ ಸಾರ್."

"ಹಾಗಾದ್ರೆ ವೈರಲ್ಲ, ಪರದೆಯದ್ದೇ ದೋಷ ಇರಬೇಕು. ಅಥವಾ ಒಳಗಿನ ಚಿತ್ರದ ಚಿಪ್ಪಿಂದು. ಎರಡನ್ನೂ ಬೇರೆ ಮಾಡ್ಲಿಕ್ಕೆ ಒಂದೇ ದಾರಿ, ಹೊರಗಿನ ಮಾನಿಟರು ಹಚ್ಚಿ ನೋಡಿ. ಅಲ್ಲೂ ಪಟ್ಟಿ ಬಂದ್ರೆ ದೋಷ ಒಳಗೆ. ಬರದಿದ್ರೆ ಪರದೆ. ಐದು ನಿಮಿಷದ ಕೆಲಸ."

ಕಾಕ್ಕನಾಡಿನ ನಮ್ಮ ಕಟ್ಟಡದಲ್ಲಿದ್ದ ಮಾನಿಟರುಗಳೆಲ್ಲ ಹೊಸವು. ಈ ಯಂತ್ರದ ನೀಲಿ ಪ್ಲಗ್ಗಿಗೆ ಹೊಂದುವ ವೈರು ಯಾವ ಕೋಣೆಯಲ್ಲೂ ಸಿಗಲಿಲ್ಲ. ಎರಡು ಮಹಡಿ ಹತ್ತಿಳಿದು ಕೇಳಿದೆ. ಪೇಟೆಯಲ್ಲಿ ಹುಡುಕುವ ಎಂದುಕೊಂಡೆ. ಆ ವಾರ ಆಗಲಿಲ್ಲ, ಮುಂದಿನ ವಾರ ಮಗಳ ಪರೀಕ್ಷೆ, ಅದರ ಮುಂದಿನ ವಾರ ಮರೆತೆ. ಐದು ನಿಮಿಷದ ಕೆಲಸ.

ಎರಡು ಬಂದ ಆ ದಿನ ನಾನೇ ರಾಧಾಬಾಯಿಯ ಮನೆಯೊಳಗೆ ಹೋಗಿ ಹೇಳಿದೆ: "ಗೋಡೆ ನೆಟ್ಟಗಾಗಿದೆ ಬಾಯಿ. ಇನ್ನು ಹೆದರಿಕೆ ಇಲ್ಲ."

ಅವರು ಜೂನಿನಿಂದ ಮಾಯಿಯ ಮಂಚವನ್ನು ಮುಂದಿನ ಕೋಣೆಗೆ ತಂದು ಹಾಕಿದ್ದರು. ಅಲ್ಲಿ ಮಾಡು ಸೋರುತ್ತಿತ್ತು. ಬೀದಿಯ ಗದ್ದಲಕ್ಕೆ ಮಾಯಿಗೆ ನಿದ್ದೆ ಹತ್ತುತ್ತಿರಲಿಲ್ಲ. ಇಡೀ ದಿನ ಕೊಂಕಣಿಯಲ್ಲಿ ಬೈಗುಳ.

"ಖಂಡಿತ ಅಲ್ವಾ ಮೇಡಂ? ಇವರನ್ನ ಹಿಂದೆ ಹಾಕಬಹುದಲ್ಲ?"

"ಧಾರಾಳ ಹಾಕಿ."

ಸದಾಶಿವನೂ ನಾನೂ ಸೇರಿಯೇ ಮಂಚ ಎತ್ತಿ ಹಿಂದಿನ ಕೋಣೆಯ ಗೋಡೆಗೆ ತಾಗಿಸಿ ಇಟ್ಟೆವು. ಮಾಯಿ ನನ್ನ ಕೈ ಹಿಡಿದು ಏನೋ ಅಂದರು. "ಈ ಹೆಂಗಸಿಗೆ ಒಂದು ಲೋಟ ಪಾಯಸ ಆದ್ರೂ ಕೊಡು ಅಂತಿದಾರೆ," ಎಂದರು ರಾಧಾಬಾಯಿ.

ಆಗಸ್ಟ್ ಬಂತು. ಒಂದನೇ ತಾರೀಕು ಕೂತು ಗೆರೆ ಹಾಕಿದೆ, ತಾರೀಕು ಬರೆದೆ, ಪ್ಲಸ್ ಬರೆದೆ. ಮೊದಲ ಗುರುವಾರ ಮೂರು. ಎರಡನೆಯದು ಏಳು. ಸರಿ, ಮತ್ತೆ ಹಳೆಯ ಕಡೆಗೇ, ಬಯಲಿನ ಕಡೆಗೇ ವಾಲುತ್ತಿದೆ, ಉಸಿರು ಬಿಡುತ್ತಿದೆ ಎಂದುಕೊಂಡೆ. ಮೊದಲು ಇಪ್ಪತ್ತೆರಡು ಇದ್ದದ್ದಲ್ಲವೆ? ಏಳು ಯಾವ ಲೆಕ್ಕ?

ಆ ದಿನ ಹೊರಡುವಾಗ ರಾಧಾಬಾಯಿ ತಡೆದರು. "ಮೇಡಂ, ಈ ಚಿಲಕ ನೋಡಿ ಒಮ್ಮೆ. ತೂತಿಗೆ ಹೋಗುದೇ ಇಲ್ಲ. ಬಾಗಿಲು ಎತ್ತಿ ಹಿಡೀಬೇಕು."

ಹಿಂದಿನ ಕೋಣೆಯಿಂದ ಓಣಿಗೆ ತೆರೆಯುವ ಬಾಗಿಲು. ಚಿಲಕದ ಮೂತಿ ತೂತಿಗಿಂತ ಅರ್ಧ ಬೆರಳು ಮೇಲಕ್ಕೆ ಬಂದು ತಾಗುತ್ತಿತ್ತು.

"ಮಳೆಗೆ ಮರ ಉಬ್ಬಿರ್ತದೆ ಬಾಯಿ."

"ಮರ ಉಬ್ಬಿದ್ರೆ ಬಾಗಿಲು ಬಿಗೀಬೇಕಲ್ಲ? ಇದು ಮೇಲೆ ಕೆಳಗೆ ಆಗಿದೆ. ನಲವತ್ತು ಮಳೆಗಾಲ ಹಾಕಿದ ಚಿಲಕ ಇದು."

"ಚೌಕಟ್ಟೂ ಮರದ್ದೇ ಅಲ್ವಾ? ಅಂಕಿ ನೋಡಿದೆ ನಾನು. ಗೋಡೆ ನಿಮ್ಮಿಂದ ಆಚೆಗೇ ಹೋಗ್ತಾ ಉಂಟು."

ಅವರು ಚಿಲಕವನ್ನೊಮ್ಮೆ, ನನ್ನ ಕಂಕುಳಲ್ಲಿದ್ದ ಯಂತ್ರವನ್ನೊಮ್ಮೆ ನೋಡಿದರು. "ಹಾಗಾದ್ರೆ ಸರಿ. ನಿಮ್ಮದು ಮಿಶಿನು," ಎಂದರು.

ಮೂರನೇ ಗುರುವಾರ ಹನ್ನೆರಡು. ಅಂದು ಮನೆಯೊಳಗೆ ಕಾಲಿಡುತ್ತಲೇ ಒಣಶುಂಠಿಯ ವಾಸನೆ ಬಡಿಯಿತು. ಇದುವರೆಗೆ ಅದು ಗೋದಾಮಿನ ವಾಸನೆ, ಮನೆಯದ್ದಲ್ಲ. ಮನೆಯಲ್ಲಿ ಇರುತ್ತಿದ್ದದ್ದು ಉದ್ದಿನ ಹಿಟ್ಟಿನ ವಾಸನೆ.

"ಈಗ ಗೋದಾಮಿನಲ್ಲಿ ಶುಂಠಿ ರಾಶಿ ಹಾಕಿದ್ರೆ ಇಲ್ಲಿ ಸೀನು ಬರ್ತದೆ," ಎಂದು ರಾಧಾಬಾಯಿ ನಕ್ಕರು. "ಮಾಯಿಗೆ ಕಷಾಯವೇ ಬೇಡ."

ಮಾಯಿಯ ಹೊದಿಕೆಯ ಮೇಲೆ ಹಿಟ್ಟಿನಂಥ ಬಿಳಿ ಪುಡಿ ಉದುರಿತ್ತು. ನಾನು ಬೆರಳಿನಿಂದ ಮುಟ್ಟಿ ನೋಡಿದೆ. ಸುಣ್ಣ. ತಲೆಯೆತ್ತಿದರೆ ಪಕಾಸಿನ ತುದಿ ಗೋಡೆಯೊಳಗೆ ಹೋಗುವ ಕಡೆ ಸುಣ್ಣ ಒಡೆದು ಒಳಗಿನ ಕೆಂಪು ಕಾಣುತ್ತಿತ್ತು. ರಿಜಿಸ್ಟರ್ ತೆಗೆದು ಮತ್ತೆ ನೋಡಿದೆ. ಪ್ಲಸ್ ಹನ್ನೆರಡು. ನನ್ನದೇ ಗುಂಡಗಿನ ಅಕ್ಷರ. ಸಮಾಧಾನ ಮಾಡಿಕೊಂಡೆ.

ನಾಲ್ಕನೇ ಗುರುವಾರ ಹದಿನಾರು ಎಂದು ತೋರಿಸಿ, ನಾನು ಬರೆಯುತ್ತಿರುವಾಗಲೇ ಪರದೆ ಪೂರ್ತಿ ಕಪ್ಪಾಯಿತು. ಟಾರ್ಚಿಗೂ ಏನೂ ಕಾಣಲಿಲ್ಲ. ಇನ್ನು ಮೇಲಿನವರೂ ಬೇಡ ಎನ್ನುವ ಹಾಗಿರಲಿಲ್ಲ. ಶುಕ್ರವಾರ ರಜೆ ಹಾಕಿ, ಅದನ್ನು ಟವಲಿನಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡು ಬೆಳಗಿನ ರೈಲು ಹತ್ತಿದೆ. ಕೊಲ್ಲಂ ದಾಟುವವರೆಗೂ ಕಿಟಕಿಯ ಶಟರು ಎತ್ತಲು ಬಿಡಲಿಲ್ಲ ಮಳೆ.

ತೋಮಸ್ ಸಾರ್ ಅಂಗಡಿಯಲ್ಲಿ ಹಳೆಯ ಡಬ್ಬದಂಥ ಮಾನಿಟರು ಒಂದಿತ್ತು. ಅದರ ಧೂಳು ಒರೆಸಿ, ನೀಲಿ ಪ್ಲಗ್ಗನ್ನು ಸಿಕ್ಕಿಸಿ, ಎರಡು ಕಡೆಯ ತಿರುಪನ್ನು ಬೆರಳಲ್ಲೇ ಬಿಗಿದರು. "ಈಗ ಗೊತ್ತಾಗ್ತದೆ," ಎಂದು ಯಂತ್ರ ಚಾಲೂ ಮಾಡಿದರು. ಮಾನಿಟರು ಒಮ್ಮೆ ಟಕ್ ಎಂದಿತು, ನಿಧಾನ ಬೆಳಕಾಯಿತು. ನಮ್ಮ ಪ್ರೋಗ್ರಾಮು ತನ್ನಷ್ಟಕ್ಕೆ ತೆರೆದುಕೊಂಡಿತು. ಅಂಚಿನಿಂದ ಅಂಚಿಗೆ ಸ್ವಚ್ಛ. ಪಟ್ಟಿಯಿಲ್ಲ, ಮಿಣುಕಿಲ್ಲ.

"ನೋಡಿದ್ರಾ! ಒಳಗೆಲ್ಲ ಸರಿ ಇದೆ ಮೇಡಂ. ಪರದೆ ಒಂದೇ ಹೋಗಿರೋದು. ಯಂತ್ರ ಗಟ್ಟಿ." ಅವರ ಮುಖ ಅರಳಿತ್ತು.

ಆ ಪ್ರೋಗ್ರಾಮು ಹಳೆಯ ಅಳತೆಗಳ ಪಟ್ಟಿಯೊಂದನ್ನು ತಾನೇ ಇಟ್ಟುಕೊಳ್ಳುತ್ತಿತ್ತು. ಅದನ್ನು ಯಾರೂ ಕೇಳುತ್ತಿರಲಿಲ್ಲ. ಕಚೇರಿ ಕೇಳುತ್ತಿದ್ದದ್ದು ರಿಜಿಸ್ಟರನ್ನು. ಈಗ ಅದು ನನ್ನೆದುರು ಸಾಲಾಗಿ ನಿಂತಿತ್ತು. ಇಪ್ಪತ್ತೊಂದು, ಹತ್ತೊಂಬತ್ತು, ಹದಿನೈದು, ಹನ್ನೊಂದು, ಆರು. ಪ್ರತಿಯೊಂದರ ಹಿಂದೆ ಪ್ಲಸ್. ಆಮೇಲೆ ಎರಡು. ಅದರ ಹಿಂದೆ ಸಣ್ಣ ಅಡ್ಡಗೆರೆ. ಮೂರು, ಅಡ್ಡಗೆರೆ. ಏಳು. ಹನ್ನೆರಡು. ನಿನ್ನೆಯ ಹದಿನಾರು.

ನೆಟ್ಟಗಾಗಿ ನಿಂತಿರಲಿಲ್ಲ ಅದು. ನೆಟ್ಟಗಾಗಿ, ದಾಟಿ, ಮನೆಯ ಕಡೆಗೆ ಬರುತ್ತಲೇ ಇತ್ತು. ನಾನು ಮಂಚ ಎತ್ತಿ ಇಟ್ಟ ದಿನದಿಂದ.

"ಮೇಡಂ? ನೀರು ಕೊಡ್ಲಾ?" ಎಂದರು ತೋಮಸ್ ಸಾರ್.

ನಾನು ಫೋನ್ ಹಿಡಿದಿದ್ದೆ. ರಾಧಾಬಾಯಿಯದು ರಿಂಗಾಯಿತು, ಎತ್ತಲಿಲ್ಲ. ಅವರು ಗೋದಾಮಿಗೆ ಹೋಗುವಾಗ ಫೋನನ್ನು ಮನೆಯಲ್ಲೇ, ಮಾಯಿಯ ತಲೆಯ ಬಳಿಯ ಗೂಡಿನಲ್ಲಿ ಇಟ್ಟು ಹೋಗುವವರು. ಮಾಯಿಗೆ ಕೈ ಎಟುಕದು. ಆ ಗೋಡೆಯ ಬುಡದಲ್ಲಿ ಅದು ರಿಂಗಾಗುತ್ತಿರುವುದು ನನಗೆ ಇಲ್ಲಿಂದಲೇ ಕೇಳಿಸಿದ ಹಾಗಿತ್ತು. ಎರಡನೇ ಸಲ ಮಾಡಲು ಹೆದರಿಕೆಯಾಯಿತು, ಆ ಸದ್ದಿಗೇ ಏನಾದರೂ ಉದುರೀತು ಎಂಬಂತೆ.

ಸದಾಶಿವ ಕಾಕ್ಕನಾಡಿನಲ್ಲಿದ್ದ. "ಎಂತ ಅಕ್ಕ, ಮಿಶಿನು ಹುಷಾರಾಯ್ತಾ?"

"ಸದಾಶಿವ, ಈಗಲೇ ಮಟ್ಟಾಂಚೇರಿಗೆ ಹೋಗು. ಮಾಯಿಯನ್ನ ಹೊರಗೆ ತೆಗಿ. ಗೋಡೆ ಮನೆ ಕಡೆ ಬಂದಿದೆ."

"ಎಂತ ಹೇಳುದು ನೀವು? ನಿನ್ನೆ ಪ್ಲಸ್..."

"ಪ್ಲಸ್ ನಾನು ಬರೆದದ್ದು. ಅದು ತೋರಿಸಿದ್ದಲ್ಲ. ಹೊರಡು ಮಾರಾಯ!"

ಜೀಪಿನ ಬಾಗಿಲು ಬಡಿದ ಸದ್ದು ಕೇಳಿಸಿತು. ನಾನು ಮೇಲಿನ ಸಾಹೇಬರಿಗೂ ಫೋನ್ ಮಾಡಿ ಹೇಳಿದೆ. ಅವರು, "ನಿಮಗೆ ಖಾತ್ರಿ ಉಂಟಾ?" ಎಂದು ಕೇಳಿದರು. ಜುಲೈಯಲ್ಲಿ ರಾಧಾಬಾಯಿ ನನ್ನನ್ನು ಕೇಳಿದ್ದೂ ಇದನ್ನೇ.

ಕಾಕ್ಕನಾಡಿನಿಂದ ಮಟ್ಟಾಂಚೇರಿಗೆ ಮಳೆಯಲ್ಲಿ, ಮಧ್ಯಾಹ್ನದ ಗಾಡಿಗಳ ನಡುವೆ, ಒಂದು ಗಂಟೆಗಿಂತ ಕಡಿಮೆ ಆಗುವುದಿಲ್ಲ. ತೋಮಸ್ ಸಾರ್ ಬೆಸುಗೆ ಕಡ್ಡಿಯ ಸ್ವಿಚ್ಚು ಆರಿಸಿ, ನನ್ನೆದುರು ಸ್ಟೂಲಿನ ಮೇಲೆ ಕೂತರು. ಬಂದ ಗಿರಾಕಿಯೊಬ್ಬನಿಗೆ ಕೈಸನ್ನೆಯಲ್ಲೇ ಆಮೇಲೆ ಬಾ ಎಂದರು. ಮಾನಿಟರಿನ ಮೇಲೆ ಆ ಐದು ಅಡ್ಡಗೆರೆಗಳು ಹಾಗೇ ಇದ್ದವು. ಆರಿಸಿ ಎಂದು ಹೇಳಬೇಕೆನಿಸಿತು, ಹೇಳಲಿಲ್ಲ.

ಒಂದೂಮುಕ್ಕಾಲು ಗಂಟೆಯ ಮೇಲೆ ಫೋನ್ ಬಂತು. ಸದಾಶಿವ ಏದುಸಿರು ಬಿಡುತ್ತಿದ್ದ.

"ತೆಗ್ದಾಯ್ತು ಅಕ್ಕ. ಹಿಂದಿನ ಬಾಗಿಲು ತೆರೀಲೇ ಇಲ್ಲ, ಚೌಕಟ್ಟು ಕಚ್ಚಿಹೋಗಿದೆ. ಗೋದಾಮಿನ ಹಮಾಲಿಗಳು ಇಬ್ರು ಬಂದ್ರು. ಮಂಚ ಸಮೇತ ಮುಂದಿನಿಂದ ತಂದೆವು. ಮಾಯಿ ನನ್ನ ತಲೆಗೆ ಹೊಡೆದ್ರು, ನಿದ್ದೆ ಹಾಳು ಮಾಡಿದ್ದಕ್ಕೆ."

"ರಾಧಾಬಾಯಿ?"

"ಇದ್ದಾರೆ. ಪಾತ್ರೆ ತರ್ತೇನೆ ಅಂತ ಮತ್ತೆ ಒಳಗೆ ಹೊರಟಿದ್ರು. ನಾನು ಬಿಡ್ಲಿಲ್ಲ."

ಮರುದಿನ ಬೆಳಗಿನ ರೈಲಿಗೇ ನಾನು ಮತ್ತೆ ಹೊರಟೆ. ಎರ್ನಾಕುಳಂ ಸ್ಟೇಷನ್ನಿನ ಹೊರಗೆ ಸದಾಶಿವ ಜೀಪಿಗೆ ಒರಗಿ ನಿಂತಿದ್ದ. ಯಾವತ್ತೂ ದೂರದಿಂದಲೇ ಏನಾದರೂ ತಮಾಷೆ ಎಸೆಯುವವನು, ಅಂದು ನನ್ನ ಚೀಲ ತೆಗೆದುಕೊಂಡು ಹಿಂದಿನ ಸೀಟಿಗೆ ಇಟ್ಟ.

"ಬಿತ್ತು ಅಕ್ಕ. ಬೆಳಿಗ್ಗೆ ಒಂಬತ್ತಕ್ಕೆ. ದೊಡ್ಡ ಸದ್ದೂ ಆಗ್ಲಿಲ್ಲವಂತೆ. ಗೋಣಿ ಚೀಲ ಇಳಿಸಿದ ಹಾಗೆ."

ಹೋಗಿ ನೋಡಿದೆ. ಮುಂದಿನ ಕೋಣೆ ಇತ್ತು. ಹಿಂದಿನದು ಇರಲಿಲ್ಲ. ಮಂಚ ಇದ್ದ ಜಾಗದಲ್ಲಿ ನನ್ನ ಎದೆಯೆತ್ತರಕ್ಕೆ ಕೆಂಪು ಕಲ್ಲು, ಅದರ ಮೇಲೆ ಮೇ ತಿಂಗಳಲ್ಲಿ ಪೇರಿಸಿದ್ದ ಆ ಕರಿ ಮುದ್ದೆಯೆಲ್ಲ ಹರಿದು ಬಂದು ಕೂತಿತ್ತು. ಅದೇ ನೀರು ಕುಡಿದು ಗೋಡೆಯನ್ನು ಆಚೆಯಿಂದ ನೂಕಿದ್ದು ಎಂದು ಆಮೇಲೆ ಬಂದ ಇಂಜಿನಿಯರು ಹೇಳಿದರು. ಕಲ್ಲುಗಳ ನಡುವೆ ನಮ್ಮ ಉಪಕರಣದ ತಂತಿಯ ತುದಿ ಹೊರಗೆ ಕಾಣುತ್ತಿತ್ತು. ಗೋಡೆ ಇಲ್ಲದ ಮೇಲೆ ಗೋದಾಮಿನ ಒಳಗು ಬೀದಿಯವರೆಗೂ ತೆರೆದುಕೊಂಡು, ಇಡೀ ಓಣಿಯೇ ಶುಂಠಿಯ ವಾಸನೆಯಾಗಿತ್ತು.

ರಾಧಾಬಾಯಿ ಮಾಯಿಯನ್ನು ಕರೆದುಕೊಂಡು ಎರಡು ಬೀದಿ ಆಚೆ ನೆಂಟರ ಮನೆಯ ಜಗಲಿಯಲ್ಲಿದ್ದರು. ನಾನು ಏನೇನೋ ಹೇಳಬೇಕೆಂದು ರೈಲಿನಲ್ಲಿ ಜೋಡಿಸಿಕೊಂಡು ಬಂದಿದ್ದೆ. ಅವರು ಮೊದಲು ಚಹಾ ಕೊಟ್ಟರು. ಕುಡಿದು ಮುಗಿಯುವವರೆಗೆ ಕಾದರು. ಆಮೇಲೆ ಮೆಲ್ಲಗೆ, ಬೈಯುವ ದನಿಯೇ ಇಲ್ಲದೆ ಹೇಳಿದರು:

"ಅಕ್ಕ, ನೀವು ಫೋನ್ ಮಾಡಿದ್ರಿ, ನಾವು ಬದುಕಿದೆವು. ಅದನ್ನ ನಾನು ಎಲ್ಲರ ಹತ್ರ ಹೇಳ್ತೇನೆ. ಆದ್ರೆ ಒಂದು ಮಾತು. ನನಗೆ ಆ ಚಿಲಕ ಹೇಳಿತ್ತು. ಎರಡು ವಾರ ಮೊದ್ಲೇ ಹೇಳಿತ್ತು. ನೀವು ಬಂದು ಏನೂ ಹೇಳದೆ ಹೋಗಿದ್ರೆ, ನಾನು ಅವತ್ತೇ ಮಾಯಿಯನ್ನ ಮುಂದಕ್ಕೆ ತರ್ತಿದ್ದೆ."

ಮೇಡಂ ಎನ್ನುತ್ತಿದ್ದವರು ಅಂದು ಮೊದಲ ಸಲ ಅಕ್ಕ ಎಂದಿದ್ದರು. ನಾನು ಹೊರಡುವಾಗ ಸೆರಗಿನ ಗಂಟು ಬಿಚ್ಚಿ, ಕಾಗದದಲ್ಲಿ ಕಟ್ಟಿದ ನಾಲ್ಕಾರು ತುಂಡು ಒಣಶುಂಠಿ ನನ್ನ ಕೈಗಿಟ್ಟರು. ನಿನ್ನೆ ಕೆಲಸದಿಂದ ಹಾಗೇ ಎದ್ದು ಬಂದಾಗ ಸೆರಗಿನಲ್ಲಿ ಉಳಿದದ್ದಂತೆ. "ಮಳೆಯಲ್ಲಿ ತಿರುಗ್ತೀರಿ. ಕಷಾಯ ಮಾಡಿ ಕುಡೀರಿ," ಎಂದರು.

ಕಚೇರಿಯ ವರದಿಯಲ್ಲಿ ಪರದೆಯ ದೋಷದಿಂದಾಗಿ ಅಂಕಿಯ ಚಿಹ್ನೆ ಓದಲು ಸಾಧ್ಯವಾಗಿರಲಿಲ್ಲ ಎಂದು ಬರೆದರು. ಸಹಿ ಹಾಕಲು ಕಳಿಸಿದರು. ಸುಳ್ಳಲ್ಲ ಅದು. ಆದರೆ ಪರದೆ ಮುಚ್ಚಿದ್ದು ಬೆರಳಗಲ ಮಾತ್ರ. ಕಾಣದ ಜಾಗದಲ್ಲಿ ಪ್ಲಸ್ ಬರೆದಿಟ್ಟದ್ದು ನಾನು, ತಿಂಗಳ ಮೊದಲ ದಿನ, ಮಳೆ ಬೀಳುವ ಮೊದಲೇ, ಒಳ್ಳೆಯ ಪೆನ್ನಿನಿಂದ. ಅಷ್ಟನ್ನು ಅದೇ ಕಾಗದದ ಕೆಳಗೆ ಕೈಯಲ್ಲಿ ಬರೆದು ಸಹಿ ಹಾಕಿ ಕೊಟ್ಟೆ. ಸಾಹೇಬರು ಓದಿ, ಕನ್ನಡಕ ತೆಗೆದು ಒರೆಸಿ, ಕಡತಕ್ಕೆ ಸೇರಿಸಿದರು.

ತೋಮಸ್ ಸಾರ್ ಆ ಯಂತ್ರಕ್ಕೆ ಬೇರೆ ಪರದೆ ಹಾಕಿಕೊಟ್ಟರು. ಅದು ಈಗಲೂ ಕೆಲಸ ಮಾಡುತ್ತದೆ. ಹೋದ ತಿಂಗಳು ಅದರ ಬಲ ಅಂಚಿನಲ್ಲಿ ಕೂದಲಿನಷ್ಟು ತೆಳ್ಳಗೆ ಒಂದು ಕಪ್ಪು ಗೆರೆ ಬಂದಿದೆ ಎಂದು ಈಗ ಕೊಚ್ಚಿಯಲ್ಲಿರುವವರು ಫೋನ್ ಮಾಡಿದ್ದರು. ಅಂಕಿ ಕಾಣುತ್ತದೆ, ತೊಂದರೆಯಿಲ್ಲ ಎಂದರು. ನಾನು ಮಾರನೆಯ ದಿನವೇ ನೀಲಿ ಪ್ಲಗ್ಗಿನ ವೈರೊಂದನ್ನು ತೋಮಸ್ ಸಾರ್ ಹತ್ತಿರ ಕೇಳಿ ತೆಗೆದುಕೊಂಡು, ಹಳೆಯ ಮಾನಿಟರಿನ ಜೊತೆ ಪಾರ್ಸೆಲ್ ಮಾಡಿದೆ.

ಅಚ್ಚುಕಟ್ಟಿನ ಚಟ ನನ್ನನ್ನು ಬಿಟ್ಟಿಲ್ಲ. ಈಗಲೂ ತಿಂಗಳ ಮೊದಲ ದಿನ ಕೂತು ಗೆರೆ ಹಾಕುತ್ತೇನೆ, ತಾರೀಕುಗಳನ್ನು ಬರೆಯುತ್ತೇನೆ. ಅಂಕಿಯ ಮನೆಗೆ ಬಂದಾಗ ಪೆನ್ನು ತಾನಾಗಿಯೇ ಒಂದು ಪ್ಲಸ್ಸಿಗೆ ತಯಾರಾಗಿ ನಿಲ್ಲುತ್ತದೆ. ಅದನ್ನು ಎತ್ತಿ, ಆ ಜಾಗ ಖಾಲಿ ಬಿಟ್ಟು, ಮುಂದಿನ ಸಾಲಿಗೆ ಹೋಗುತ್ತೇನೆ.